ವರದಿಗಾರರ ಚೀಲದಿಂದ ಆ ಎರಡನೇ ಪುಸ್ತಕವನ್ನು ತೆಗೆಸಿ: ಕನ್ನಡ ದಿನಪತ್ರಿಕೆಗಳ ಮಾಲೀಕರಿಗೂ ಸಂಪಾದಕರಿಗೂ ಬಹಿರಂಗ ಪತ್ರ

ಮಾನ್ಯರೇ,

ಜುಲೈ 1 ಹತ್ತಿರ ಬರುತ್ತಿದೆ. ಎಂದಿನಂತೆ ಜಿಲ್ಲಾ ಕೇಂದ್ರಗಳ ಪತ್ರಿಕಾ ಭವನಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ, 1843ರ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ವನ್ನು ಹೊರತಂದದ್ದನ್ನು ನೆನೆಯಲಾಗುತ್ತದೆ, ಉಸ್ತುವಾರಿ ಸಚಿವರು ಪತ್ರಿಕಾರಂಗ ಪ್ರಜಾಪ್ರಭುತ್ವದ ನಾಲ್ಕನೇ ಅಂಗ ಎಂದು ಹೇಳಿ, ವಸ್ತುನಿಷ್ಠವಾಗಿ ಬರೆಯಿರಿ ಎಂದು ಹಿತವಚನ ನುಡಿದು, ಮುಂದಿನ ಕಾರ್ಯಕ್ರಮಕ್ಕೆ ಹೊರಡುತ್ತಾರೆ. ಸಭಾಂಗಣದ ಹಿಂದಿನ ಸಾಲುಗಳಲ್ಲಿ ತಾಲ್ಲೂಕುಗಳಿಂದ ಬಂದ ವರದಿಗಾರರು ಕುಳಿತಿರುತ್ತಾರೆ. ಅವರಲ್ಲಿ ಹಲವರ ಹೆಗಲ ಚೀಲದಲ್ಲಿ ನೋಟ್ ಪುಸ್ತಕದ ಜೊತೆಗೆ ರಿಲೀಸ್ ಆರ್ಡರ್ ಪುಸ್ತಕವೂ, ಅಂದರೆ ಜಾಹೀರಾತು ಕೊಡುವವರಿಂದ ಆದೇಶ ಬರೆಸಿಕೊಳ್ಳುವ ಪುಸ್ತಕವೂ, ಇರುತ್ತದೆ. ಈ ಪತ್ರ ಆ ಎರಡನೇ ಪುಸ್ತಕದ ಬಗ್ಗೆ.

ಮೊದಲು ನನ್ನ ಪರಿಚಯ. ಒಂದಕ್ಕಿಂತ ಹೆಚ್ಚು ಪತ್ರಿಕೆಗಳಲ್ಲಿ, ಒಟ್ಟು ಮೂವತ್ತೊಂದು ವರ್ಷ, ಅದರಲ್ಲಿ ಹೆಚ್ಚಿನ ಕಾಲ ಜಿಲ್ಲಾ ಸುದ್ದಿಗಳ ಡೆಸ್ಕಿನಲ್ಲಿ ಉಪಸಂಪಾದಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನ್ನ ಹೆಸರಿನಲ್ಲಿ ಅಚ್ಚಾದ ಬರಹಗಳು ಬೆರಳೆಣಿಕೆಯಷ್ಟು. ಬೇರೆಯವರು ಬರೆದದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಹೊಂದಿಸಿದ್ದು ಎಷ್ಟು ಸಾವಿರವೋ ಲೆಕ್ಕ ಇಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತಾಲ್ಲೂಕಿನ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ವರದಿಗಾರರು ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಉದ್ದನೆಯ ಕಂದು ಲಕೋಟೆ ಕೊಟ್ಟು ಕಳುಹಿಸುತ್ತಿದ್ದರು. ನಮ್ಮ ಕಚೇರಿಯ ಹುಡುಗ ಬಸ್ ನಿಲ್ದಾಣಕ್ಕೆ ಹೋಗಿ ಅಂಥ ಹತ್ತಾರು ಲಕೋಟೆಗಳನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಬಿಚ್ಚಿದರೆ ಒಂದೇ ಮಗ್ಗುಲಿಗೆ ಬರೆದ ಹಾಳೆಗಳು, ಕೆಲವೊಮ್ಮೆ ಮದುವೆಯ ಲಗ್ನಪತ್ರಿಕೆಯ ಬೆನ್ನು, ಮಳೆಗಾಲದಲ್ಲಿ ನೆಂದು ಹರಡಿದ ಶಾಯಿ. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಸುದ್ದಿ ಬಂತು, ಈಗ ಎಲ್ಲವೂ ವಾಟ್ಸ್‌ಆ್ಯಪ್. ಇದಕ್ಕೆಲ್ಲ ನನಗೆ ದುಃಖವಿಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದ ಬಗ್ಗೆ ಹಳಹಳಿಕೆಯೂ ಇಲ್ಲ. ಆ ಕೋಣೆಯ ಸೀಸದ ಧೂಳಿನಲ್ಲಿ ಕೆಮ್ಮುತ್ತ ಕೆಲಸ ಮಾಡಿದವರನ್ನು ಕಂಡವರು ಹಳಹಳಿಸಲಾರರು. ನನ್ನನ್ನು ಕಾಡುತ್ತಿರುವುದು ಬೇರೊಂದು ಬದಲಾವಣೆ.

ಒಬ್ಬ ವರದಿಗಾರರ ವಿಷಯ ಹೇಳುತ್ತೇನೆ. ಹೆಸರು, ಊರು, ಪತ್ರಿಕೆ ಬೇಡ. ಅಂಥವರು ನಿಮ್ಮೆಲ್ಲರ ಸಂಸ್ಥೆಗಳಲ್ಲೂ ಇದ್ದಾರೆ. 2003ರ ಬರಗಾಲ. ಬಯಲುಸೀಮೆಯ ಆ ತಾಲ್ಲೂಕಿನ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಪೂರೈಸುವ ಗುತ್ತಿಗೆ ಒಬ್ಬರಿಗೆ ಸಿಕ್ಕಿತ್ತು. ನಮ್ಮ ವರದಿಗಾರರು ಒಂದು ಹಳ್ಳಿಯ ಬಾಗಿಲಿನಲ್ಲಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಬೆಳಗ್ಗೆ ಆರರಿಂದ ಕತ್ತಲಾಗುವವರೆಗೆ, ನಾಲ್ಕು ದಿನ ಕುಳಿತು ಟ್ಯಾಂಕರ್ ಎಷ್ಟು ಬಾರಿ ಬಂತು ಎಂದು ಎಣಿಸಿದರು. ದಿನಕ್ಕೆ ಮೂರು. ತಾಲ್ಲೂಕು ಕಚೇರಿಯ ಬಿಲ್ಲಿನಲ್ಲಿ ಇದ್ದದ್ದು ಒಂಬತ್ತು. ರಾತ್ರಿ ಹತ್ತರ ಹೊತ್ತಿಗೆ ನಾನು ಅವರ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿಸಿ, ‘ನೀವೇ ಎಣಿಸಿದ್ದಾ?’ ಎಂದು ಕೇಳಿದೆ. ‘ಎಣಿಸಿದೀನಿ ಸರ್. ಟೀ ಅಂಗಡಿಯವನಿಗೆ ನಾಲ್ಕು ದಿನದ ಬಾಕಿ ಇದೆ, ಬೇಕಾದ್ರೆ ಅವನನ್ನೇ ಕೇಳಿ’ ಎಂದರು. ಸುದ್ದಿ ಎರಡು ಕಾಲಂನಲ್ಲಿ ಬಂತು. ಮುಂದಿನ ವಾರ ತಹಶೀಲ್ದಾರರು ಹಳ್ಳಿಗೆ ಹೋದರು, ಬಿಲ್ಲು ತಡೆಹಿಡಿಯಲಾಯಿತು, ಟ್ಯಾಂಕರ್ ಹೆಚ್ಚು ಬಾರಿ ಬರತೊಡಗಿತು. ಆಗ ನಮ್ಮಲ್ಲಿ ಅರೆಕಾಲಿಕ ವರದಿಗಾರರಿಗೆ ಅಚ್ಚಾದ ಸುದ್ದಿಯನ್ನು ಸ್ಕೇಲಿನಲ್ಲಿ ಅಳೆದು ಕಾಲಂ ಸೆಂಟಿಮೀಟರಿನ ಲೆಕ್ಕದಲ್ಲಿ ಹಣ ಕೊಡುತ್ತಿದ್ದರು. ಆ ವರದಿಗೆ ಅವರಿಗೆ ಸಿಕ್ಕ ದುಡ್ಡು ಟೀ ಅಂಗಡಿಯ ಬಾಕಿಗೆ ಸಾಲಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ, ದಸರಾ ಪುರವಣಿಯ ಪುಟಗಳು ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ, ಅದೇ ವರದಿಗಾರರು ಫೋನ್ ಮಾಡಿದರು. ತಮ್ಮ ತಾಲ್ಲೂಕಿನ ಒಬ್ಬರ ಶುಭಾಶಯ ಜಾಹೀರಾತು ಬಣ್ಣದ ಪುಟದಲ್ಲೇ ಬರಬೇಕು, ಕಪ್ಪು ಬಿಳುಪಿನ ಪುಟಕ್ಕೆ ಹೋದರೆ ಅವರು ಹಣ ಕೊಡುವುದಿಲ್ಲ, ಕೊಡದಿದ್ದರೆ ಅದು ತಮ್ಮ ತಲೆಯ ಮೇಲೆ ಬರುತ್ತದೆ, ಈ ಬಾರಿಯ ಟಾರ್ಗೆಟ್ ಅರ್ಧವೂ ಆಗಿಲ್ಲ ಎಂದು ಕೇಳಿಕೊಂಡರು. ಯಾರ ಜಾಹೀರಾತು ಎಂದೆ. ಟ್ಯಾಂಕರಿನವರದೇ. ವರದಿಗಾರರೂ ಆ ಹಳೆಯ ಸುದ್ದಿಯನ್ನು ಮರೆತಿರಲಿಲ್ಲ. ‘ಈಗ ಅವರು ಜಿಲ್ಲಾ ಪಂಚಾಯಿತಿ ಮೆಂಬರ್ ಸರ್’ ಎಂದಷ್ಟೇ ಹೇಳಿದರು. ಜಾಹೀರಾತನ್ನು ನಾನು ಬಣ್ಣದ ಪುಟಕ್ಕೇ ಹಾಕಿಸಿದೆ. ಆದ್ದರಿಂದ ಈ ಪತ್ರವನ್ನು ಹೊರಗೆ ನಿಂತು ಬರೆಯುವ ಹಕ್ಕು ನನಗಿಲ್ಲ. ಒಳಗಿದ್ದವನು ಎಂದೇ ಬರೆಯುತ್ತಿದ್ದೇನೆ.

ಇದು ಹೇಗಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಓದುಗರಿಗಾಗಿ ಹೇಳುತ್ತೇನೆ. ಹಳ್ಳಿಯ ಸುದ್ದಿಗೂ ಪುಟ ಬೇಕು ಎಂಬುದನ್ನು ಕರಾವಳಿಯಲ್ಲಿ 1970ರಲ್ಲಿ ಮಣಿಪಾಲದಿಂದ ಶುರುವಾದ ‘ಉದಯವಾಣಿ’ ಬಹಳ ಮೊದಲೇ ತೋರಿಸಿಕೊಟ್ಟಿತ್ತು. 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲೆ ಪೈಪೋಟಿ ಬಿರುಸಾಗಿ, ಒಬ್ಬರನ್ನು ನೋಡಿ ಒಬ್ಬರು ಊರೂರಿನಲ್ಲಿ ಮುದ್ರಣ ಘಟಕ ತೆರೆದರು, ಜಿಲ್ಲೆಗೊಂದು ಆವೃತ್ತಿ ಮಾಡಿದರು, ಬೆಲೆಯನ್ನು ಇಳಿಸಿದರು. ಓದುಗರಿಗೆ ಇದರಿಂದ ಒಳ್ಳೆಯದೇ ಆಯಿತು: ಬೆಂಗಳೂರಿನ ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ, ಅದೂ ಜಾತ್ರೆಯಲ್ಲಿ ತೇರು ಉರುಳಿದರೆ ಮಾತ್ರ ಕಾಣಿಸುತ್ತಿದ್ದ ಊರುಗಳಿಗೆ ದಿನವೂ ನಾಲ್ಕು ಪುಟ ಸಿಕ್ಕಿತು. ಆದರೆ ಆ ನಾಲ್ಕು ಪುಟದ ಖರ್ಚನ್ನು ಓದುಗರಿಂದ ಪಡೆಯಲಿಲ್ಲ. ಇವತ್ತಿಗೂ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ ಬೆಲೆಗೆ, ಅಚ್ಚು ಮಾಡುವ ಖರ್ಚಿಗೂ ಸಾಲದ ಹಣಕ್ಕೆ, ನಾವು ಪತ್ರಿಕೆ ಮಾರುತ್ತಿದ್ದೇವೆ. ಕೊರತೆ ತುಂಬಬೇಕಾದ್ದು ಜಾಹೀರಾತು. ತಾಲ್ಲೂಕಿನಲ್ಲಿ ಜಾಹೀರಾತು ಕೊಡುವ ದೊಡ್ಡ ಅಂಗಡಿಗಳು, ಕಂಪನಿಗಳು ಎಷ್ಟಿವೆ? ಕೊಡಬಲ್ಲವರು ಗುತ್ತಿಗೆದಾರರು, ಟಿಕೆಟ್ ಆಕಾಂಕ್ಷಿಗಳು, ಸಹಕಾರ ಸಂಘಗಳ ಅಧ್ಯಕ್ಷರು, ಖಾಸಗಿ ಶಾಲೆಗಳ ಕಾರ್ಯದರ್ಶಿಗಳು, ಪಂಚಾಯಿತಿಗಳು, ಪುರಸಭೆಗಳು. ಅಂದರೆ ವರದಿಗಾರರು ಯಾರ ಮೇಲೆ ಕಣ್ಣಿಡಬೇಕೋ ಅವರೇ. ಗಣರಾಜ್ಯೋತ್ಸವ, ಯುಗಾದಿ, ಸ್ವಾತಂತ್ರ್ಯ ದಿನ, ದಸರಾ, ದೀಪಾವಳಿ, ರಾಜ್ಯೋತ್ಸವ, ಊರಿನ ಜಾತ್ರೆ, ಜೊತೆಗೆ ಶಾಸಕರ ಹುಟ್ಟುಹಬ್ಬ: ವರ್ಷಕ್ಕೆ ಏಳೆಂಟು ಬಾರಿ ವರದಿಗಾರರು ಆ ಮನೆಗಳ ಮುಂದೆ ಕೈಚಾಚಿ ನಿಲ್ಲುತ್ತಾರೆ. ಉಳಿದ ದಿನಗಳಲ್ಲಿ ಅದೇ ಮನೆಗಳವರ ಬಗ್ಗೆ ನಿರ್ಭಯವಾಗಿ ಬರೆಯಬೇಕು ಎಂಬುದು ನಮ್ಮ ನಿರೀಕ್ಷೆ.

ಈ ವರದಿಗಾರರಿಗೆ ಸಂಬಳವೆಂದು ಬರುವುದು ಕಡಿಮೆ, ಎಷ್ಟೋ ಕಡೆ ಇಲ್ಲವೇ ಇಲ್ಲ. ಜಾಹೀರಾತಿನ ಕಮಿಷನ್ನೇ ಜೀವನಾಧಾರ. ಹಾಗಾಗಿ ಅವರನ್ನು ನೈತಿಕತೆಯ ಹೆಸರಿನಲ್ಲಿ ಬೈಯುವ ಸಂಪಾದಕೀಯಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಕಾನೂನು ಅವರನ್ನು ಪತ್ರಕರ್ತರೆಂದೇ ಕಂಡಿತ್ತು. ಕಾರ್ಯನಿರತ ಪತ್ರಕರ್ತರ 1955ರ ಕಾಯ್ದೆಯ ವ್ಯಾಖ್ಯಾನದಲ್ಲಿ ಸಂಪಾದಕರಿಂದ ಹಿಡಿದು ಕರಡು ತಿದ್ದುವವರವರೆಗೆ ಎಲ್ಲರೂ ಇದ್ದರು. ಮುಂದೆ ‘ಪೂರ್ಣಕಾಲಿಕ ಅಥವಾ ಅರೆಕಾಲಿಕ’ ಎಂಬ ಮಾತೂ ಸೇರಿತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದೂ ಅದರಲ್ಲಿ ಇತ್ತು (ಇದನ್ನು ಯಾವ ತಾಲ್ಲೂಕು ವರದಿಗಾರರಿಗೆ ಹೇಳಿದರೂ ನಗುತ್ತಾರೆ). ಆದರೆ ಆ ವ್ಯಾಖ್ಯಾನದಲ್ಲೇ ಪತ್ರಿಕೋದ್ಯಮ ‘ಮುಖ್ಯ ವೃತ್ತಿ’ಯಾಗಿರಬೇಕು ಎಂಬ ಮಾತಿತ್ತು. ಸಂಸ್ಥೆಗಳಿಗೆ ನುಣುಚಿಕೊಳ್ಳುವ ದಾರಿ ಇಲ್ಲಿಂದ ಸಿಕ್ಕಿತು. ತಮ್ಮ ಮುಖ್ಯ ಕಸುಬು ವ್ಯವಸಾಯ, ಸುದ್ದಿ ಬರೆಯುವುದು ಹವ್ಯಾಸ ಎಂದು ವರದಿಗಾರರಿಂದ ಬರೆಸಿಕೊಂಡ ಕಾಗದವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಸಹಿ ಹಾಕಿದವರೊಬ್ಬರಿಗೆ ಗುಂಟೆಯಷ್ಟು ಹೊಲವೂ ಇರಲಿಲ್ಲ. ಪತ್ರಿಕಾ ನೌಕರರ ಸಂಬಳ ನಿಗದಿಗಾಗಿ ರಚಿಸಿದ ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳು 2011ರ ನವೆಂಬರ್ 11ರಂದು ಅಧಿಸೂಚನೆಯಾಗಿ ಹೊರಬಿದ್ದಾಗ ದೇಶದ ದೊಡ್ಡ ಪತ್ರಿಕಾ ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. 2014ರ ಫೆಬ್ರುವರಿ 7ರಂದು ಕೋರ್ಟ್ ಶಿಫಾರಸುಗಳನ್ನು ಎತ್ತಿಹಿಡಿಯಿತು. 2017ರಲ್ಲಿ ಗುತ್ತಿಗೆ ನೌಕರರಿಗೂ ಅವು ಅನ್ವಯಿಸುತ್ತವೆ ಎಂದು ಸ್ಪಷ್ಟಪಡಿಸಿತು. ಈ ತೀರ್ಪುಗಳು ತಾಲ್ಲೂಕಿನವರೆಗೆ ಇಳಿಯಲೇ ಇಲ್ಲ, ಯಾಕೆಂದರೆ ಅಲ್ಲಿ ಗುತ್ತಿಗೆ ಎಂಬ ಕಾಗದವೂ ಇಲ್ಲ. ಈಗ 1955ರ ಆ ಕಾಯ್ದೆಯೇ 2020ರ ಕಾರ್ಮಿಕ ಸಂಹಿತೆಯೊಳಗೆ ಕರಗಿಹೋಗಿದೆ.

ಪತ್ರಿಕಾ ಸ್ವಾತಂತ್ರ್ಯವೆಂದರೆ ಮಾಲೀಕರಿಗೆ ಸರ್ಕಾರದಿಂದ ಇರುವ ಸ್ವಾತಂತ್ರ್ಯ ಎಂದಷ್ಟೇ ನಾವು ಓದಿಕೊಂಡೆವೇನೋ ಎನ್ನಿಸುತ್ತದೆ. ಆ ಸ್ವಾತಂತ್ರ್ಯಕ್ಕಾಗಿ ಮಾಲೀಕರು ಹೋರಾಡಿದ್ದು ಸಣ್ಣ ಸಂಗತಿಯಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆಗಳ ಕೊರಳಿಗೆ ಹಗ್ಗ ಹಾಕುವ ಕಾನೂನು ಬಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಪ್ಪಣೆ ಪಡೆದು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂದು ಕಂಡಿರಬೇಕು. ಬೆಲೆಗೆ ತಕ್ಕಷ್ಟೇ ಪುಟ ಇರಬೇಕು ಎಂಬ ಕೇಂದ್ರ ಸರ್ಕಾರದ 1960ರ ಆದೇಶವನ್ನು ಮರಾಠಿಯ ‘ಸಕಾಳ್’ ಪತ್ರಿಕೆ ಪ್ರಶ್ನಿಸಿ ಗೆದ್ದಿತು. ಮುದ್ರಣ ಕಾಗದದ ಮೇಲಿನ ನಿರ್ಬಂಧಗಳನ್ನು 1972ರಲ್ಲಿ ರದ್ದುಪಡಿಸುವಾಗ ಸುಪ್ರೀಂ ಕೋರ್ಟ್, ಪತ್ರಿಕಾ ಸ್ವಾತಂತ್ರ್ಯದೊಳಗೆ ಜನರ ಓದುವ ಹಕ್ಕು ಅಡಗಿದೆ ಎಂದಿತು. ಓದುಗರ ಹೆಸರಿನಲ್ಲಿ ನೀವು ಗೆದ್ದಿದ್ದೀರಿ. ಬೆಲೆಯನ್ನೂ ಪುಟವನ್ನೂ ನೀವೇ ನಿರ್ಧರಿಸುವ ಆ ಹಕ್ಕನ್ನು ಬಳಸಿ ಬೆಲೆ ಇಳಿಸಿ, ಪುಟ ಹೆಚ್ಚಿಸಿ, ಅದರ ಹೊರೆಯನ್ನು ಸಂಸ್ಥೆಯಲ್ಲಿ ಎಲ್ಲರಿಗಿಂತ ಕೆಳಗಿರುವವರ ಹೆಗಲಿಗೆ ಹಾಕಿದ್ದೇವೆ. ತೀರ್ಪು ಬರೆದವರು ಇದನ್ನು ಊಹಿಸಿರಲಿಕ್ಕಿಲ್ಲ.

ಇನ್ನು, ಇದರಿಂದ ಪ್ರಜಾಪ್ರಭುತ್ವಕ್ಕೆ ಆಗುವ ನಷ್ಟವೇನು ಎಂಬ ಪ್ರಶ್ನೆ. ನಾವು ಪ್ರಜಾಪ್ರಭುತ್ವ ಎಂದಾಗ ಸಾಮಾನ್ಯವಾಗಿ ದೆಹಲಿಯನ್ನು ನೆನೆಯುತ್ತೇವೆ. ಜಾಗತಿಕ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 180 ದೇಶಗಳ ನಡುವೆ ಭಾರತ 2025ರಲ್ಲಿ 151ನೇ ಸ್ಥಾನದಲ್ಲಿತ್ತು ಎಂಬ ಸುದ್ದಿಯನ್ನು ಒಂದು ದಿನ ಮುಖಪುಟದಲ್ಲಿ ಹಾಕಿ, ಮಾರನೆಯ ದಿನ ಮರೆಯುತ್ತೇವೆ. ಜನರಿಗೆ ದಿನನಿತ್ಯ ಎದುರಾಗುವ ಸರ್ಕಾರ ಇರುವುದು ಗ್ರಾಮ ಪಂಚಾಯಿತಿಯಲ್ಲಿ, ನಾಡಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಪಡಿತರ ಅಂಗಡಿಯಲ್ಲಿ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. 1987ರಲ್ಲಿ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ ಕಾಯ್ದೆಯ ಅಡಿಯಲ್ಲಿ ಮಂಡಲ ಪಂಚಾಯಿತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಚುನಾವಣೆ ನಡೆದಾಗ, ಹಳ್ಳಿಯ ಅಧಿಕಾರ ಹಳ್ಳಿಗೆ ಬಂದಂತೆ ಅದರ ವರದಿಯೂ ಹಳ್ಳಿಯಿಂದಲೇ ಬರಬೇಕಾಯಿತು. ಈಗಿನ 1993ರ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಎಷ್ಟೋ ಗ್ರಾಮಸಭೆಗಳು ರಿಜಿಸ್ಟರಿನಲ್ಲಿ ನಡೆಯುತ್ತವೆ ಎಂಬುದು ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಅದು ಜನರ ಮುಂದೆ ನಡೆಯಿತೋ, ರಿಜಿಸ್ಟರಿನಲ್ಲಿ ನಡೆಯಿತೋ ಎಂದು ಹೇಳಲು ಒಬ್ಬರು ಅಲ್ಲಿಗೆ ಹೋಗಿರಬೇಕು.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆ ಇನ್ನೂ ವಿಚಿತ್ರ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಆಡಳಿತಾಧಿಕಾರಿಗಳು ಬಂದರು. ಇದರ ಇನ್ನೊಂದು ಮುಖವನ್ನು ಡೆಸ್ಕಿನಲ್ಲಿದ್ದವರು ಮಾತ್ರ ಗಮನಿಸಿರಬಹುದು: ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆ ಎಂಬ ಸುದ್ದಿಮೂಲ ಬತ್ತಿತು. ಹಿಂದೆ ಆ ಸಭೆಯಲ್ಲಿ ಸದಸ್ಯರೊಬ್ಬರು ಹೊಲಸು ನೀರಿನ ಬಾಟಲಿ ತಂದು ಮೇಜಿನ ಮೇಲೆ ಇಡುತ್ತಿದ್ದರು, ಇನ್ನೊಬ್ಬರು ಕಾರ್ಯಪಾಲಕ ಎಂಜಿನಿಯರರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಕೆಲವರು ಬರೀ ಕೂಗಾಡುತ್ತಿದ್ದರು. ಅದರ ವರದಿಯಿಂದ ಜಿಲ್ಲೆಯಲ್ಲಿ ಏನು ಕೆಟ್ಟಿದೆ ಎಂಬುದರ ಅಂದಾಜು ಸಿಗುತ್ತಿತ್ತು. ಪ್ರಶ್ನೆ ಕೇಳಬೇಕಾದ ಚುನಾಯಿತರೇ ಇಲ್ಲದಿರುವಾಗ ಉಳಿದಿರುವ ಪ್ರಶ್ನೆ ವರದಿಗಾರರದ್ದು ಮಾತ್ರ. ಆ ಕಾಲದಲ್ಲೇ ನಾವು ಅವರನ್ನು ಜಾಹೀರಾತಿಗೆ ಅಟ್ಟಿದೆವು.

ಎಲ್ಲ ಮಾಹಿತಿಯೂ ಆನ್‌ಲೈನ್‌ನಲ್ಲಿ ಇದೆಯಲ್ಲ ಎಂಬ ಮಾತನ್ನು ನಾನು ಕೇಳಿದ್ದೇನೆ. ಉದ್ಯೋಗ ಖಾತರಿ ಯೋಜನೆಯನ್ನೇ ತೆಗೆದುಕೊಳ್ಳಿ: ಯಾವ ಪಂಚಾಯಿತಿಯಲ್ಲಿ ಯಾವ ಕೆರೆಯ ಹೂಳು ತೆಗೆಯಲಾಯಿತು, ಹಾಜರಿ ಪಟ್ಟಿಯಲ್ಲಿ ಯಾರಿದ್ದರು, ಎಷ್ಟು ಕೂಲಿ ಹೋಯಿತು ಎಂಬುದನ್ನು ಯಾರು ಬೇಕಾದರೂ ನೋಡುವಂತೆ ಜಾಲತಾಣದಲ್ಲಿ ಇಡಲಾಯಿತು. ಒಳ್ಳೆಯದೇ. ಆದರೆ ಹೂಳು ಕೆರೆಯಲ್ಲೇ ಇದೆಯೋ ದಂಡೆಗೆ ಬಂದಿದೆಯೋ ಎಂದು ನೋಡಲು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಆ ಕೆರೆಯ ಏರಿಯ ಮೇಲೆ ಹೋಗಿ ನಿಲ್ಲಬೇಕು. ಹಾಗೆ ನಿಂತವರಿಗೆ ಕೈಯಲ್ಲಿದ್ದ ಇನ್ನೊಂದು ಆಸರೆ 2005ರ ಮಾಹಿತಿ ಹಕ್ಕು ಕಾಯ್ದೆ. ದತ್ತಾಂಶ ರಕ್ಷಣೆಯ 2023ರ ಕಾಯ್ದೆಯ ಮೂಲಕ ಅದರ 8(1)(ಜೆ) ಕಲಮನ್ನು ಬದಲಿಸಿದ್ದರಿಂದ, ‘ವೈಯಕ್ತಿಕ ಮಾಹಿತಿ’ ಎಂದು ಹೇಳಿ ಅರ್ಜಿಯನ್ನು ವಾಪಸ್ ಮಾಡುವುದು ಅಧಿಕಾರಿಗಳಿಗೆ ಮೊದಲಿಗಿಂತ ಸುಲಭವಾಗಿದೆ. ಕಾಗದದಲ್ಲಿ ಸಿಗುವುದು ಕಡಿಮೆಯಾದಷ್ಟೂ ಕಾಲಿನಲ್ಲಿ ನಡೆದು ತರಬೇಕಾದ ಸುದ್ದಿ ಹೆಚ್ಚುತ್ತದೆ.

ಊರಿಗೊಬ್ಬ ಯೂಟ್ಯೂಬ್ ಚಾನೆಲ್‌ನವರು ಇರುವಾಗ ಪತ್ರಿಕೆಯ ವರದಿಗಾರರು ಯಾಕೆ ಎನ್ನುವವರೂ ಇದ್ದಾರೆ. ಕೆಲವು ಯುವಕರು ಮೊಬೈಲ್ ಹಿಡಿದು ನಮ್ಮ ಪತ್ರಿಕೆಗಳು ಮುಟ್ಟದ ವಿಷಯಗಳನ್ನು ತೋರಿಸಿದ್ದಾರೆ. ಅದನ್ನು ಮನಸಾರೆ ಒಪ್ಪುತ್ತೇನೆ. ಅದೇ ಹೊತ್ತಿಗೆ, ಲೋಗೊ ಅಂಟಿಸಿದ ಮೈಕು ಹಿಡಿದು ಮರಳಿನ ಲಾರಿ ತಡೆದು, ವಿಡಿಯೊ ಹಾಕದಿರಲು ಹಣ ಕೇಳುವವರೂ ಇದ್ದಾರೆ, ಮತ್ತು ಅವರಿಂದಾಗಿ ‘ಪತ್ರಕರ್ತ’ ಎಂದರೆ ಹಳ್ಳಿಗಳಲ್ಲಿ ಬಾಗಿಲು ಹಾಕಿಕೊಳ್ಳುವ ಸ್ಥಿತಿ ಬಂದಿದೆ. ಅವರನ್ನು ಕಂಡು ಮೂಗು ಮುರಿಯುವ ಮೊದಲು ನಾವು ನಮ್ಮನ್ನೇ ಒಂದು ಮಾತು ಕೇಳಿಕೊಳ್ಳಬೇಕು. ಗುರುತಿನ ಚೀಟಿ ಕೊಟ್ಟು, ಸಂಬಳ ಕೊಡದೆ, ‘ನೀವೇ ನೋಡಿಕೊಳ್ಳಿ’ ಎಂದು ಕಳುಹಿಸುವ ಪದ್ಧತಿಯನ್ನು ಆರಂಭಿಸಿದವರು ಯೂಟ್ಯೂಬಿನವರಲ್ಲ. ಹಣ ಪಡೆದು ಸುದ್ದಿ ಬರೆಯುವುದನ್ನು ದರಪಟ್ಟಿಯ ಮಟ್ಟಕ್ಕೆ ತಂದವರೂ ಅವರಲ್ಲ: 2009ರ ಲೋಕಸಭಾ ಚುನಾವಣೆಯ ನಂತರ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ತನಿಖೆ ನಡೆಸಿದಾಗ ಅದರ ಉಪಸಮಿತಿಯ ವಿವರವಾದ ವರದಿಯನ್ನು ಮಂಡಳಿಯೇ ಬದಿಗಿಟ್ಟು, ಸಂಕ್ಷಿಪ್ತ ವರದಿಯನ್ನು ಮಾತ್ರ ಪ್ರಕಟಿಸಿತು. ಪೂರ್ಣ ವರದಿ ಹೊರಬರಲು ಕೇಂದ್ರ ಮಾಹಿತಿ ಆಯೋಗ ಹೇಳಬೇಕಾಯಿತು.

ಈಗ ಹೊಸದಾಗಿ ಕೃತಕ ಬುದ್ಧಿಮತ್ತೆ ಬಂದಿದೆ. ಸುದ್ದಿಸಂಸ್ಥೆಯ ಇಂಗ್ಲಿಷ್ ಸುದ್ದಿಯನ್ನು ನಾನು ಅರ್ಧ ಗಂಟೆ ತೆಗೆದುಕೊಂಡು ಅನುವಾದಿಸುತ್ತಿದ್ದೆ. ಯಂತ್ರ ಅರ್ಧ ನಿಮಿಷದಲ್ಲಿ ಮಾಡುತ್ತದೆ, ಕೆಲವೊಮ್ಮೆ ನನಗಿಂತ ಕಡಿಮೆ ತಪ್ಪುಗಳೊಂದಿಗೆ. ನನ್ನಂಥವರ ಕೆಲಸ ಹೋಗುತ್ತದೆ, ಅದರ ಬಗ್ಗೆ ಬೇರೆ ಪತ್ರ ಬರೆಯಬಹುದು. ಆದರೆ ಯಂತ್ರ ತಿದ್ದುವುದಕ್ಕೂ ಅನುವಾದಿಸುವುದಕ್ಕೂ ಮೊದಲು ಯಾರೋ ಒಬ್ಬರು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಟ್ಯಾಂಕರ್ ಎಣಿಸಿರಬೇಕು. ಡೆಸ್ಕಿನಲ್ಲಿ ಉಳಿತಾಯವಾಗುವ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಹೊಳೆಯುತ್ತಿಲ್ಲ.

ನಿಮ್ಮ ಕಷ್ಟಗಳನ್ನು ನಾನು ಅರಿಯದವನಲ್ಲ. 2020ರ ಲಾಕ್‌ಡೌನ್‌ನಲ್ಲಿ ಪುಟಗಳು ಕುಗ್ಗಿದ್ದನ್ನು, ಏಜೆಂಟರು ಬಂಡಲ್ ಮುಟ್ಟಲು ಹೆದರಿದ್ದನ್ನು, ಜೊತೆಯಲ್ಲಿ ಕೆಲಸ ಮಾಡಿದವರು ಒಂದು ಫೋನ್ ಕರೆಯಿಂದ ಮನೆಗೆ ಹೋದದ್ದನ್ನು ಕಂಡಿದ್ದೇನೆ. ಆಮೇಲೆ ಮುದ್ರಣ ಕಾಗದದ ಬೆಲೆ ಏರಿತು. ಸರ್ಕಾರಿ ಜಾಹೀರಾತಿನ ಬಾಕಿ ತಿಂಗಳುಗಟ್ಟಲೆ ಬರುವುದಿಲ್ಲ, ಸುದ್ದಿಯೊಂದು ಮೇಲಿನವರಿಗೆ ಹಿಡಿಸದಿದ್ದರೆ ಜಾಹೀರಾತೇ ಬರುವುದಿಲ್ಲ. ಜಾಹೀರಾತಿಲ್ಲದೆ ಪತ್ರಿಕೆ ನಡೆಸಿದ ‘ಲಂಕೇಶ್ ಪತ್ರಿಕೆ’ ನಮ್ಮಲ್ಲೇ ಇತ್ತು; ಓದುಗರ ಹಣದಿಂದಲೇ ದಿನಪತ್ರಿಕೆ ಕಟ್ಟಬೇಕೆಂದು ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಆರಂಭಿಸಿದ್ದೂ ನಿಮಗೆ ನೆನಪಿರಬಹುದು. ‘ಮುಂಗಾರು’ ಉಳಿಯಲಿಲ್ಲ. ಹಾಗಾಗಿ ಜಾಹೀರಾತನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಅದು ಬಾಯಲ್ಲಿ ಹೇಳಲು ಚೆನ್ನಾಗಿರುವ ಮಾತು ಅಷ್ಟೆ. ಅದನ್ನು ತರುವವರು ವರದಿಗಾರರಾಗಿರಬಾರದು ಎಂದು ಮಾತ್ರ ಕೇಳುತ್ತಿದ್ದೇನೆ.

ಜಾಹೀರಾತಿಗೆ ಬೇರೆ ಜನ ಇರಲಿ. ಎರಡು ಮೂರು ತಾಲ್ಲೂಕುಗಳಿಗೆ ಒಬ್ಬ ಪ್ರತಿನಿಧಿ ಸಾಕು. ಈಗ ವರದಿಗಾರರಿಗೆ ಕೊಡುವ ಕಮಿಷನ್ ಆ ಪ್ರತಿನಿಧಿಗೆ ಹೋಗಲಿ. ವರದಿಗಾರರಿಗೆ ನೇಮಕಾತಿ ಪತ್ರ ಕೊಡಿ, ತಿಂಗಳಿಗೆ ನಿಗದಿಯಾದ ಹಣ ಕೊಡಿ, ಪೆಟ್ರೋಲಿನ ಖರ್ಚನ್ನು ಬೇರೆಯಾಗಿ ಕೊಡಿ. ಎಲ್ಲ ತಾಲ್ಲೂಕುಗಳಲ್ಲೂ ಹೀಗೆ ಇಟ್ಟುಕೊಳ್ಳಲು ಆಗದಿದ್ದರೆ ಕಡಿಮೆ ಜನರನ್ನೇ ಇಟ್ಟುಕೊಳ್ಳಿ. ಬಾಯಿ ಕಟ್ಟಿಸಿಕೊಂಡ ಇಬ್ಬರಿಗಿಂತ ಬರೆಯಬಲ್ಲ ಒಬ್ಬರು ಮೇಲು. ಇದಕ್ಕಾಗಿ ಪತ್ರಿಕೆಯ ಬೆಲೆ ಒಂದು ರೂಪಾಯಿ ಹೆಚ್ಚಿಸಬೇಕಾದರೆ ಹೆಚ್ಚಿಸಿ, ಯಾಕೆ ಹೆಚ್ಚಿಸುತ್ತಿದ್ದೀರಿ ಎಂದು ಮುಖಪುಟದಲ್ಲಿ ಬರೆಯಿರಿ. ಓದುಗರು ಬಿಟ್ಟುಹೋಗುತ್ತಾರೆ ಎಂಬ ಭಯ ಮಾರಾಟ ವಿಭಾಗಕ್ಕೆ ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಓದುಗರು ಪತ್ರಿಕೆ ನಿಲ್ಲಿಸುವುದು ತಮ್ಮ ಊರಿನ ಸುದ್ದಿ ಬರದಿದ್ದಾಗ, ಅಥವಾ ಬಂದದ್ದು ಸುಳ್ಳು ಎಂದು ಗೊತ್ತಾದಾಗ. ಸುದ್ದಿಯ ರೂಪದಲ್ಲಿ ಬರುವ ಜಾಹೀರಾತಿನ ಮೇಲೆ ‘ಜಾಹೀರಾತು’ ಎಂಬ ಪದವನ್ನು, ಭೂತಗನ್ನಡಿ ಇಲ್ಲದೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ಹಾಕಿ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮಾನನಷ್ಟ ಇಂದಿಗೂ ಕ್ರಿಮಿನಲ್ ಅಪರಾಧ. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅದು ಮುಂದುವರಿದಿದೆ (ಆ ಸಂಹಿತೆ ಜಾರಿಗೆ ಬಂದದ್ದೂ 2024ರ ಜುಲೈ 1ರಂದೇ, ನಮ್ಮ ಪತ್ರಿಕಾ ದಿನದಂದು). ಬೆಂಗಳೂರಿನ ಸಂಪಾದಕರ ಮೇಲೆ ಮೊಕದ್ದಮೆ ಹೂಡಿದರೆ ಸಂಸ್ಥೆಯ ವಕೀಲರು ಹೋಗುತ್ತಾರೆ. ತಾಲ್ಲೂಕು ವರದಿಗಾರರ ಮೇಲೆ ಹೂಡಿದರೆ ‘ಅವರು ನಮ್ಮ ಸಿಬ್ಬಂದಿಯಲ್ಲ’ ಎಂಬ ಉತ್ತರ ಹೋದದ್ದುಂಟು. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಬಾಗಿಲಲ್ಲೇ ಕೊಂದಾಗ ದೇಶವೇ ಎದ್ದು ನಿಂತಿತು. ಹಳ್ಳಿಯ ದಾರಿಯಲ್ಲಿ ಬೈಕ್ ಅಡ್ಡಗಟ್ಟಿ ‘ಏನು, ಬಹಳ ಬರೀತೀಯಂತೆ’ ಎಂದು ಕೇಳುವುದು ಯಾರ ಕಿವಿಗೂ ಬೀಳುವುದಿಲ್ಲ. ಅಂಥ ದಿನ ಫೋನ್ ಮಾಡಿದರೆ ಎತ್ತಿಕೊಳ್ಳುವ ಒಬ್ಬ ಹಿರಿಯ ಸಂಪಾದಕರು, ಠಾಣೆಗೆ ಬರಬಲ್ಲ ಒಬ್ಬ ವಕೀಲರು, ಒಂದು ವಿಮೆ: ಇಷ್ಟು ಇದ್ದರೆ ಅವರಲ್ಲಿ ಹಲವರು ಈಗಲೂ ಬರೆಯಲು ಸಿದ್ಧರಿದ್ದಾರೆ. ನಾನು ಅವರೊಂದಿಗೆ ಮಾತಾಡುತ್ತಲೇ ಇರುತ್ತೇನೆ. ಅವರ ಬಳಿ ಸುದ್ದಿ ಇಲ್ಲದಿಲ್ಲ. ಅಚ್ಚಾಗದ, ಕಳುಹಿಸಲೇ ಆಗದ ಸುದ್ದಿಗಳನ್ನು ಫೋನಿನಲ್ಲಿ ನನಗೆ ಹೇಳುತ್ತಾರೆ. ನಿವೃತ್ತನಾದವನಿಗೆ ಹೇಳಿ ಏನು ಪ್ರಯೋಜನ?

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಮೇಲಿನದೆಲ್ಲ ಆಡಳಿತ ಮಂಡಳಿಯ ಸಭೆಗಳಲ್ಲಿ ಚರ್ಚೆಯಾಗಿ, ಲೆಕ್ಕ ಹಾಕಿ, ವರ್ಷ ಹಿಡಿಯಬಹುದಾದ ಕೆಲಸಗಳು. ಆದರೆ ಜುಲೈ ಎರಡನೇ ವಾರದಲ್ಲಿ, ಪತ್ರಿಕಾ ದಿನದ ಹಾರಗಳು ಬಾಡುವ ಹೊತ್ತಿಗೆ, ಸ್ವಾತಂತ್ರ್ಯ ದಿನದ ಪುರವಣಿಯ ಸುತ್ತೋಲೆ ನಿಮ್ಮ ಜಾಹೀರಾತು ವಿಭಾಗಗಳಿಂದ ಹೊರಡುತ್ತದೆ. ತಾಲ್ಲೂಕುವಾರು ಎಷ್ಟು ಹಣ ತರಬೇಕು ಎಂಬ ಪಟ್ಟಿ ಅದರ ಎರಡನೇ ಪುಟದಲ್ಲಿರುತ್ತದೆ, ಪ್ರತಿ ಮೊತ್ತದ ಎದುರಿಗೆ ಒಬ್ಬ ವರದಿಗಾರರ ಹೆಸರಿರುತ್ತದೆ. ಈ ವರ್ಷ ಆ ಸುತ್ತೋಲೆಯನ್ನು ಸಹಿಗೆ ತಂದಾಗ ಎರಡನೇ ಪುಟವನ್ನು ತೆರೆದು, ಆ ಹೆಸರುಗಳಿರುವ ಕಾಲಂ ಅನ್ನು ತೆಗೆಸಿ, ಆಮೇಲೆ ಸಹಿ ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಜಿಲ್ಲಾ ಪುಟಗಳ ಒಬ್ಬ ನಿವೃತ್ತ ಉಪಸಂಪಾದಕ